ಏಡಿ ಆರಿಸಿದ ಯಜಮಾನ

ನಮ್ಮೂರಿನಲ್ಲಿ ಮನೆಯ ಯಜಮಾನರು ಯಾರೆಂಬುದನ್ನು ಏಡಿ ಹೇಳುತ್ತದೆ. ವಯಸ್ಸು ಕೇಳುವುದಿಲ್ಲ, ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ. ಮಳೆಗಾಲ ಮುಗಿದು ಕಡಲು ಮೊದಲ ಸಲ ತಿಳಿಯಾದ ದಿನ ಊರಿಗೆ ಊರೇ ಬಂದರಿನ ಧಕ್ಕೆಗೆ, ದೋಣಿ ಕಟ್ಟುವ ಕಲ್ಲುಕಟ್ಟೆಗೆ, ಹೊರಡುತ್ತದೆ. ಒಂದು ಮನೆಗೆ ಒಂದೇ ದಾರ. ದಾರದ ತುದಿಗೆ ಮೀನಿನ ತಲೆ. ಏಡಿಯ ಮುಂದಿನ ಎರಡು ದಪ್ಪ ಕಾಲುಗಳನ್ನು, ಅದು ಕಚ್ಚಿ ಹಿಡಿಯುವ ಕಾಲುಗಳನ್ನು, ನಾವು ಕೊಂಬು ಎನ್ನುತ್ತೇವೆ. ಎರಡೂ ಕೊಂಬು ಸರಿಯಿರುವ ಮೊದಲ ಏಡಿ ಮೇಲೆ ಬಂದ ಕೂಡಲೇ ಮನೆಯವರೆಲ್ಲ ಕಲ್ಲುಹಾಸಿನ ಮೇಲೆ ಕಾಲು ಚಾಚಿಕೊಂಡು ಸುತ್ತಲೂ ಕೂರಬೇಕು. ಏಡಿಯನ್ನು ನಡುವೆ ಬಿಡಬೇಕು. ಅದು ಯಾರ ಪಾದಕ್ಕೆ ಒತ್ತಿ ನಿಂತು ಕೊಂಬು ಮಡಚುತ್ತದೋ, ಮುಂದಿನ ಮಳೆಗಾಲ ಮುಗಿಯುವವರೆಗೆ ಅವರೇ ಯಜಮಾನರು. ಮನೆಯ ತೆಂಗಿನ ಚಿಪ್ಪಿನ ಸೌಟು ಅವರ ಕೈಗೆ. ಆರಿಸಿದ ಏಡಿಗೆ ಕೈಮುಗಿದು ಮತ್ತೆ ನೀರಿಗೆ.

ಇದರಿಂದ ಯಾರ ಮನೆಯೂ ಮುಳುಗಿಲ್ಲ. ಆಚೆಮನೆ ಲಕುಮಕ್ಕನಲ್ಲಿಗೆ ಸುಮ್ಮನೆ ನೋಡಿಹೋಗಲು ಬಂದಿದ್ದ ದೂರದ ನೆಂಟನೊಬ್ಬ ಕಾಲು ನೋವೆಂದು ಸುತ್ತಿನಲ್ಲಿ ಕುಳಿತು ಯಜಮಾನನಾಗಿಬಿಟ್ಟಿದ್ದ. ಆ ವರ್ಷವಿಡೀ ಅವರು ಮನೆಯ ಮಾಡಿಗೆ ಹುಲ್ಲು ಹೊದಿಸುವುದಕ್ಕೂ ಕರು ಮಾರುವುದಕ್ಕೂ ಅವನ ಊರಿಗೆ ಹೇಳಿಕಳಿಸಿ ಅಪ್ಪಣೆ ಕೇಳಬೇಕಾಯಿತು. ಪಾಪ, ಅಲ್ಲಿ ಅವನದೇ ಸಂಸಾರವೊಂದಿತ್ತು. ಎರಡು ಮನೆಯ ಚಿಂತೆಯಲ್ಲಿ ತಲೆಗೂದಲೆಲ್ಲ ಉದುರಿಹೋಯಿತು. ಬೊಮ್ಮಯ್ಯನ ಮನೆಯಲ್ಲಿ ಒಂದು ವರ್ಷ ನಾಯಿ. ಅದು ಬಿಸಿಲಿಗೆ ಮೈ ಕಾಯಿಸುತ್ತ ಸುತ್ತಿನಲ್ಲಿ ಮಲಗಿತ್ತು. ಏಡಿ ಹೋಗಿ ಅದರ ಹಿಂಗಾಲಿಗೆ ಒತ್ತಿ ನಿಂತಿತು. ಮಾತು ಬಾರದ ಯಜಮಾನರ ಮನಸ್ಸನ್ನು ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಓದಿ ಹೇಳಬೇಕೆಂಬುದು ನಮ್ಮಲ್ಲಿ ನಡೆದುಬಂದ ಕ್ರಮ. ಹಾಗಾಗಿ ಬೊಮ್ಮಯ್ಯನ ಮುದಿತಂದೆ ವರ್ಷವೆಲ್ಲ ನಾಯಿಯ ಬಾಲ ನೋಡುತ್ತ ಕುಳಿತ. ಮಗಳನ್ನು ನೋಡಲು ಬಂದ ವರನ ಎದುರು ನಾಯಿ ಬಾಲ ಅಲ್ಲಾಡಿಸಿತು. ಮದುವೆಯಾಯಿತು. ಇಂದಿಗೂ ಚೆನ್ನಾಗಿ ಬಾಳುತ್ತಿದ್ದಾರೆ.

ನಮ್ಮ ಮನೆಯಲ್ಲಿ ಮಾತ್ರ ನಾನು ಕಂಡಂತೆ ಸೌಟು ಅಜ್ಜಿಯ ಕೈ ಬಿಟ್ಟದ್ದಿಲ್ಲ. ಅಪ್ಪನ ತಾಯಿ ಇವಳು, ಹೆಸರು ದುಗ್ಗಮ್ಮ. ಅಜ್ಜಿ ಪ್ರತಿವರ್ಷ ಸುತ್ತಿನಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಏಡಿಗೆ ನೆರಳೆಂದರೆ ಪ್ರಾಣ. ಅಜ್ಜಿಯದು ಅಗಲವಾದ ಬೆನ್ನು, ನೆರಳು ಸುತ್ತಿನ ನಡುವಿನವರೆಗೂ ಬೀಳುತ್ತಿತ್ತು. ಚಿಕ್ಕಪ್ಪ ಹೊನ್ನಪ್ಪ ಗೊಣಗಿದರೆ, "ಇದ್ರಲ್ಲಿ ಮೋಸ ಎಂತದು? ಕೂತದ್ದು ನಾನು, ನೆರಳು ಕೊಟ್ಟದ್ದು ದೇವ್ರು" ಎನ್ನುತ್ತಿದ್ದಳು. ಅವಳ ಕೈಯಲ್ಲಿ ಯಾರೂ ಹಸಿದು ಮಲಗಿದವರಲ್ಲ, ಅದನ್ನೂ ಹೇಳಬೇಕು. ಆದರೆ ಹೊಸ ಯಜಮಾನರು ಧಕ್ಕೆಯ ಮೇಲೆಯೇ, ಉಬ್ಬರ ಇಳಿಯುವುದರೊಳಗೆ, ಮೊದಲ ಮಾತೊಂದನ್ನು ಹೇಳಬೇಕು. ಮೊದಲ ಮಾತನ್ನು ಮೀರುವಂತಿಲ್ಲ. ಅಜ್ಜಿಯ ಮೊದಲ ಮಾತು ಪ್ರತಿವರ್ಷ ಒಂದೇ: "ನಮ್ಮ ಮನೆಯವ್ರು ಯಾರೂ ಅಳಿವೆ ದಾಟೂದಿಲ್ಲ."

ಹೊಳೆ ಕಡಲು ಸೇರುವ ಆ ಅಳಿವೆಯ ಆಚೆದಡದಲ್ಲಿ ಅಮ್ಮನ ತವರು.

ಜಗಳ ಶುರುವಾದದ್ದು ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ. ಆಚೆದಡದಲ್ಲಿ ಅಮ್ಮಮ್ಮನ, ಅಂದರೆ ಅಮ್ಮನ ತಾಯಿಯ, ಮನೆಯಲ್ಲಿ ಊಟ. ನಮ್ಮ ಕಡೆ ಬೀಗರಿಗೆ ಏಡಿ ಬಡಿಸಿದರೆ ಇಡೀ ಏಡಿಯನ್ನೇ ಬಡಿಸಬೇಕು, ಎರಡೂ ಕೊಂಬು ಇರಬೇಕು. ಒಂದು ಕೊಂಬು ಇಲ್ಲವೆಂದರೆ ನೀವು ಬಂದದ್ದು ನಮಗೆ ಅರ್ಧ ಸಂತೋಷ ಎಂದಂತೆ. ಅವತ್ತು ಅಜ್ಜಿಯ ಎಲೆಗೆ ಬಿದ್ದ ಏಡಿಗೆ ಒಂದೇ ಕೊಂಬು. ಅಜ್ಜಿ ಎಲೆ ನೋಡಿದಳು, ಅಮ್ಮಮ್ಮನ ಮುಖ ನೋಡಿದಳು. "ಅದೇ ಬಿಟ್ಟಿತು ಬೀಗಿತಿ, ನೀರಿನಿಂದ ಎತ್ತುವಾಗ ತಾನೇ ಬಿಟ್ಟಿತು" ಎಂದಳಂತೆ ಅಮ್ಮಮ್ಮ. "ಎಲ್ಲಿಗೆ ಬಿಟ್ಟಿತು? ನಿಮ್ಮ ಹೊಟ್ಟೆಗಾ?" ಎಂದು ಅಜ್ಜಿ ಎದ್ದುಬಿಟ್ಟಳು. ಏಡಿ ಹೆದರಿದಾಗ ಕೊಂಬು ಕಳಚಿ ಓಡುತ್ತದೆಂದು ನಮ್ಮೂರಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅಜ್ಜಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದು ಬಾಯಿಗೆ ಬಾರದ ದಿನಗಳೂ ಮನುಷ್ಯರಿಗೆ ಇರುತ್ತವೆ. ಒಮ್ಮೆ ಎದ್ದ ಮೇಲೆ ಮತ್ತೆ ಕೂರುವುದಕ್ಕೆ ಯಾರಾದರೂ ಕೈಹಿಡಿದು ಕೂರಿಸಬೇಕು. ಯಾರೂ ಕೂರಿಸಲಿಲ್ಲ.

ಹಾಗಾಗಿ ನಾನು ಅಮ್ಮಮ್ಮನನ್ನು ಕಂಡದ್ದು ತೊಟ್ಟಿಲಿನಿಂದಲೇ, ಅಂದರೆ ಕಂಡೇ ಇಲ್ಲ. ಕಂಡದ್ದು ಅವಳ ಬಟ್ಟೆ ಮಾತ್ರ. ಪ್ರತಿ ಸಂಜೆ ಆಚೆದಡದಲ್ಲಿ ಒಂದು ಕಂಬಕ್ಕೆ ಬಿಳಿಬಟ್ಟೆ ಏರುತ್ತಿತ್ತು: ಚೆನ್ನಾಗಿದ್ದೇನೆ. ಅಮ್ಮ ನಮ್ಮ ಹಿತ್ತಿಲ ಗೂಟಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದಳು: ನಾವೂ. ಅಜ್ಜಿ ಅದನ್ನು ಕಂಡರೂ ಕಾಣದವಳಂತೆ ಮೀನು ಒಣಹಾಕುತ್ತಿದ್ದಳು. ತಮ್ಮ ವೆಂಕು ಹುಟ್ಟಿದಾಗಲೂ ಅಮ್ಮ ತವರಿಗೆ ಹೋಗಲಿಲ್ಲ. ಬಾಣಂತನ ಇಲ್ಲೇ ಆಯಿತು. ಕೆಂಪು ಬಟ್ಟೆಯ ಕೆಳಗೆ ಪುಟ್ಟದೊಂದು ಹಳದಿ ಬಟ್ಟೆ ಕಟ್ಟಿ ಸುದ್ದಿ ಮುಟ್ಟಿಸಿದಳು.

ಅವನು ಕೂರಲು ಕಲಿತ ಮಳೆಗಾಲ ಮುಗಿಯುತ್ತ ಬಂದಂತೆ ಬಿಳಿಬಟ್ಟೆ ಒಂದೊಂದು ದಿನ ಮುದ್ದೆಯಾಗಿ ಏರತೊಡಗಿತು, ಒಂದೊಂದು ದಿನ ಏರಲೇ ಇಲ್ಲ. ಅಳಿವೆ ದಾಟಿಸುವ ಕಡವಿನ ದೋಣಿಯವನು ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳಿಹೋದ: "ನಿಮ್ಮಮ್ಮಂಗೆ ಕಣ್ಣು ಪೂರಾ ಮಂಜಾಗ್ತಾ ಬಂತು ಮಾದೇವಿ. ಗಂಡುಕೂಸಿನ ಮುಖ ಒಂದು ಕಂಡಿದ್ರೆ ಸಾಕಿತ್ತು ಅಂತ ಹೇಳ್ತಾ ಇದ್ರು." ಅಮ್ಮ ಸೆರಗು ಬಾಯಿಗೊತ್ತಿ ಒಳಗೆ ಹೋದಳು. ಒಲೆಯ ಹತ್ತಿರ ಕುಳಿತಿದ್ದ ಅಜ್ಜಿ ಕೇಳಿಸಿಕೊಂಡಳೋ ಇಲ್ಲವೋ, ಉರಿಯುತ್ತಿದ್ದ ಕೊಳ್ಳಿಯನ್ನೇ ಮತ್ತೆ ಮತ್ತೆ ಒಳಗೆ ನೂಕಿದಳು.

ನಾನು ಆ ರಾತ್ರಿಯೇ ನಿಶ್ಚಯ ಮಾಡಿದೆ. ಈ ಸಲ ಸೌಟು ಅಮ್ಮನಿಗೆ ಬರಬೇಕು.

ಏಡಿಯ ದಿನ ಬೆಳಗಾಗುವ ಮೊದಲೇ ಊರು ಎದ್ದಿತ್ತು. ಯಾರ ಮನೆ ನೋಡಿದರೂ ಅವಲಕ್ಕಿ ಒಗ್ಗರಣೆಯ ಘಮ. ಬುಟ್ಟಿಗಳ ಸದ್ದು, "ದಾರ ತಕೊಂಡ್ಯಾ?" "ಮೀನಿನ ತಲೆ ಬೆಕ್ಕು ತಿಂತಾ ಉಂಟು ನೋಡು!" ಎಂಬ ಕೂಗು. ಚಿಕ್ಕಪ್ಪ ಹಿತ್ತಿಲಲ್ಲಿ ಬಗ್ಗಿ ಕುಳಿತು ಹಿಮ್ಮಡಿಗೆ ಏನೋ ತಿಕ್ಕಿಕೊಳ್ಳುತ್ತಿದ್ದ. ಹತ್ತಿರ ಹೋದರೆ ಮೀನೆಣ್ಣೆಯ ವಾಸನೆ.

"ಯಾರಿಗೂ ಹೇಳ್ಬೇಡ ಸೋಮಿ," ಎಂದ. "ಈ ವರ್ಷ ಏಡಿ ನಂಗೇ. ನನ್ನ ಮೊದಲ್ನೇ ಮಾತು ಎಂತ ಗೊತ್ತುಂಟಾ? ಹೊನ್ನಪ್ಪಂಗೆ ತಾನಾಗೇ ಎಚ್ಚರ ಆಗುವವರೆಗೆ ಅವನನ್ನು ಯಾರೂ ಎಬ್ಬಿಸೂದಿಲ್ಲ."

"ತಾನಾಗೇ ಎಚ್ಚರ ಆದ ದಿನ ಒಂದಾದ್ರೂ ಉಂಟನಾ ನಿಂಗೆ?" ಅಜ್ಜಿಯ ದನಿ ಒಳಗಿನಿಂದ ಬಂತು. "ಕಾಲು ತೊಳ್ಕೊ. ನಾಲ್ಕೂರಿನ ಬೆಕ್ಕು ಹಿಂದೆ ಬರ್ತದೆ."

ಧಕ್ಕೆ ಮುಟ್ಟಿದ ಕೂಡಲೇ ನಾನು ಅಂಚಿಗೆ ಓಡಿದೆ. ಮಳೆಗಾಲವಿಡೀ ಕೆಸರುಬಣ್ಣವಾಗಿದ್ದ ನೀರು ಹಸಿರುಗಾಜಿನಂತಾಗಿತ್ತು. ಬಗ್ಗಿದರೆ ತಳದ ಕಲ್ಲು ಕಾಣುತ್ತಿತ್ತು, ಕಲ್ಲಿನ ಮೇಲೆ ಏಡಿಗಳು ಅಡ್ಡಡ್ಡ ಓಡುವುದೂ ಕಾಣುತ್ತಿತ್ತು. ಧಕ್ಕೆಯ ಉದ್ದಕ್ಕೂ ಮನೆಮಂದಿಯ ಗುಂಪುಗಳು. ಎಲ್ಲರೂ ಮೊದಲು ಕಡಲಿಗೆ ಕೈಮುಗಿದರು. ಅಷ್ಟು ದೊಡ್ಡ ಗದ್ದಲ ಒಂದೇ ಉಸಿರಿಗೆ ನಿಂತು, ಅಲೆ ಕಲ್ಲಿಗೆ ತಾಗುವ ಸದ್ದೊಂದೇ ಉಳಿಯಿತು. ಆ ಮೌನದಲ್ಲಿ ನಾನು ಕಣ್ಣುಮುಚ್ಚಿ, 'ಕಡಲಮ್ಮಾ, ನಮ್ಮಮ್ಮನ ಹತ್ತಿರ ಬಾ' ಎಂದೆ. ಕಣ್ಣು ತೆರೆದಾಗ ಗದ್ದಲ ಮತ್ತೆ ಶುರುವಾಗಿತ್ತು.

ದಾರವನ್ನು ಮನೆಯವರೆಲ್ಲ ಮುಟ್ಟಿರಬೇಕು. ಮುಂದೆ ಅಪ್ಪ ಜಟ್ಟಪ್ಪ, ಹಿಂದೆ ಚಿಕ್ಕಪ್ಪ, ಅಜ್ಜಿ, ಅಮ್ಮ, ನಾನು. ವೆಂಕುವಿನ ಮುಷ್ಟಿಗೂ ಒಂದು ಸುತ್ತು ಸುತ್ತಿದೆವು. ಅವನಿಗೆ ಕೆಳಗಿನ ಹಲ್ಲು ಮೊಳೆಯುತ್ತಿದ್ದ ಕಾಲ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದ. ದಾರವನ್ನೂ ಬಾಯಿಗೆ ಹಾಕಿದ.

"ಬಂತು!" ಅಪ್ಪ ಪಿಸುಗುಟ್ಟಿದ. ದಾರ ಬಿಗಿಯಾಯಿತು. ಅವಸರ ಮಾಡಿದರೆ ಏಡಿ ಬಿಟ್ಟುಹೋಗುತ್ತದೆ. ಮಲಗಿದ ಮಗುವಿನ ಕೈಯಿಂದ ಬಳೆ ತೆಗೆದಂತೆ ಎಳೆಯಬೇಕು. ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಚಿಕ್ಕಪ್ಪ ಸೀನಿದ. ಏಡಿ ಮಾಯ.

"ಹೊನ್ನಪ್ಪಾ!" ನಾವೆಲ್ಲ ಒಟ್ಟಿಗೇ ಕಿರುಚಿದೆವು.

"ಸೀನಿಗೆ ನಾ ಎಂತ ಮಾಡ್ಲಿ? ಮೀನೆಣ್ಣೆ ಮೂಗಿಗೆ ಹೊಡೀತು!"

ಎರಡನೆಯದಕ್ಕೆ ಒಂದೇ ಕೊಂಬು. ಅಪ್ಪ ಅಜ್ಜಿಯ ಮುಖ ನೋಡದೆ ಅದನ್ನು ನೀರಿಗೆ ಬಿಟ್ಟ. ಪಕ್ಕದಲ್ಲಿ ಲಕುಮಕ್ಕನ ಮನೆಯವರ ಸುತ್ತಿನಿಂದ ಹೋ ಎಂಬ ಕೂಗೆದ್ದಿತು. ಏಡಿ ಲಕುಮಕ್ಕನ ಗಂಡನ ಪಾದಕ್ಕೆ ಒತ್ತಿ ನಿಂತಿತ್ತು. ಜೀವಮಾನದಲ್ಲಿ ಚಹಾಕ್ಕೆ ಸಕ್ಕರೆ ಸಾಕೋ ಬೇಕೋ ಎಂಬುದನ್ನೂ ಹೆಂಡತಿಯನ್ನು ಕೇಳಿ ಹೇಳುತ್ತಿದ್ದ ಮನುಷ್ಯ ಅವನು. ಸೌಟು ಹಿಡಿದು ಹೆಂಡತಿಯ ಕಡೆ ತಿರುಗಿ, "ಲಕುಮಿ, ಮೊದಲ್ನೇ ಮಾತು ಎಂತ ಹೇಳ್ಲೇ?" ಎಂದ. ಧಕ್ಕೆಯೆಲ್ಲ ನಕ್ಕಿತು.

ಆಗಲೇ ನಮ್ಮ ದಾರ ಮತ್ತೆ ಬಿಗಿಯಿತು. ಈ ಸಲ ಚಿಕ್ಕಪ್ಪ ಮೂಗು ಹಿಡಿದುಕೊಂಡೇ ನಿಂತ. ಮೇಲೆ ಬಂದದ್ದು ಅಂಗೈಗಿಂತ ದೊಡ್ಡ ಏಡಿ, ನೀಲಿ ಕಾಲು, ಎರಡು ಕೊಂಬನ್ನೂ ಆಕಾಶಕ್ಕೆ ಎತ್ತಿ ಬುಟ್ಟಿಯೊಳಗೆ ಕುಣಿಯುತ್ತಿತ್ತು. ನಾನು ದಾರ ಬಿಟ್ಟು ಓಡಿದೆ. ಸೂರ್ಯನಿಗೆ ಬೆನ್ನಾಗುವ ಜಾಗದಲ್ಲಿ ಅಮ್ಮನಿಗೆಂದು ಚಾಪೆ ಹಾಸಿದೆ.

"ಅಜ್ಜಿ, ನೀ ಇಲ್ಲಿ ಕೂರ್ಬೇಡ. ಇಲ್ಲಿ ಕಲ್ಲು ಕಾದುಹೋಗಿದೆ. ಅಮ್ಮ ಕೂರ್ತಾಳೆ."

ಅಜ್ಜಿ ಬರಿಗಾಲಲ್ಲಿ ಆ ಕಲ್ಲಿನ ಮೇಲೆಯೇ ನಿಂತಿದ್ದಳು. ಕಲ್ಲು ಎಷ್ಟು ಕಾದಿದೆಯೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ನನ್ನನ್ನು ನೋಡಿದಳು. ಚಾಪೆ ನೋಡಿದಳು. "ಹೂಂ, ಕಾದಿದೆ" ಎಂದು ಎದುರಿಗೆ ಹೋಗಿ, ಬಿಸಿಲಿಗೆ ಮುಖ ಮಾಡಿ, ಕಣ್ಣು ಕಿರಿದು ಮಾಡಿಕೊಂಡು ಕುಳಿತಳು. ನಾನು ಗೆದ್ದೆನೆಂದುಕೊಂಡೆ. ಅಮ್ಮನ ಮಡಿಲು ಖಾಲಿಯಿದ್ದರೆ ನೆರಳು ಸರಿಯಾಗಿ ಬೀಳುತ್ತದೆಂದು ವೆಂಕುವನ್ನು ಎತ್ತಿ ನನ್ನ ಪಕ್ಕ, ಅಮ್ಮನ ನೆರಳಿನ ಅಂಚಿಗೆ ಕೂರಿಸಿಕೊಂಡೆ.

ಏಡಿ ಬಿಟ್ಟ ಮೇಲೆ ಯಾರೂ ಮಾತಾಡುವಂತಿಲ್ಲ, ಅಲುಗಾಡುವಂತಿಲ್ಲ. ಅಪ್ಪ ಬುಟ್ಟಿ ಮಗುಚಿದ. ಏಡಿ ಒಂದು ಕ್ಷಣ ಸುಮ್ಮನೆ ನಿಂತು ಕಣ್ಣಿನ ಕಡ್ಡಿಗಳನ್ನು ಅತ್ತಿತ್ತ ತಿರುಗಿಸಿತು. ಆಮೇಲೆ ಸರ್ರನೆ ಅಡ್ಡಕ್ಕೆ ಓಡಿ ನೇರ ಚಿಕ್ಕಪ್ಪನ ಹಿಮ್ಮಡಿಗೆ ಹೋಯಿತು. ಚಿಕ್ಕಪ್ಪನ ಮುಖ ಅರಳಿತು. ಏಡಿ ಹಿಮ್ಮಡಿಯನ್ನು ಕಚಕ್ಕನೆ ಕಚ್ಚಿ ಬಿಟ್ಟು ಮುಂದೆ ಹೋಯಿತು. ಕಚ್ಚಿದ್ದು ಲೆಕ್ಕಕ್ಕಿಲ್ಲ, ನಿಲ್ಲಬೇಕು. ಚಿಕ್ಕಪ್ಪ ಕೂಗುವಂತಿಲ್ಲ; ತುಟಿ ಕಚ್ಚಿಕೊಂಡ ಅವನ ಕಣ್ಣಿನಿಂದ ನೀರು ಇಳಿಯಿತು. ಸುತ್ತ ನಿಂತಿದ್ದವರು ನಗು ತಡೆಯಲು ಬಾಯಿಗೆ ಬಟ್ಟೆ ತುರುಕಿಕೊಂಡರು. ಏಡಿ ಅಪ್ಪನ ಹತ್ತಿರ ಹೋಗಿ ಮನಸ್ಸು ಬದಲಿಸಿತು. ಅಜ್ಜಿಯ ಕಡೆ ಹೋಯಿತು. ಅಲ್ಲಿ ಬಿಸಿಲು ಕಂಡು ತಿರುಗಿತು. ತಿರುಗಿ, ಅಮ್ಮನ ನೆರಳಿನ ಕಡೆಗೆ, ಬಾಣದಂತೆ!

ಬಾ, ಬಾ, ಬಾ ಎಂದು ಒಳಗೊಳಗೇ ಕೂಗುತ್ತಿದ್ದೆ. ಅಮ್ಮನ ಪಾದಕ್ಕೆ ಇನ್ನೊಂದು ಗೇಣು ಇತ್ತು. ಆಗ ವೆಂಕು ಕುಂಡೆ ಎಳೆದುಕೊಂಡು ಮುಂದೆ ಸರಿದ. ಓಡುವ ವಸ್ತುವೊಂದು ಹತ್ತಿರ ಬಂದರೆ ಅವನಾದರೂ ಹೇಗೆ ಸುಮ್ಮನಿದ್ದಾನು? ಎರಡೂ ಕಾಲನ್ನು ಏಡಿಯ ದಾರಿಗೆ ಚಾಚಿದ.

ಏಡಿ ಕೊಂಬೆತ್ತಿ ನಿಂತಿತು. ಚಿಕ್ಕಪ್ಪನ ಹಿಮ್ಮಡಿಯಿಂದ ರಕ್ತ ಬರುತ್ತಿದ್ದದ್ದನ್ನು ನಾವೆಲ್ಲ ನೋಡಿದ್ದೆವು. ಅಮ್ಮನ ಕೈ ಮುಂದೆ ಬಂದು, ಗಾಳಿಯಲ್ಲೇ ನಿಂತು, ಹಿಂದೆ ಹೋಯಿತು. ಅವಳ ತುಟಿ ದೇವರ ಹೆಸರು ಹೇಳುತ್ತಿತ್ತು. ವೆಂಕು "ಅವ್ವಾ" ಎಂದು ಏಡಿಗೆ ಏನೋ ಹೇಳಿದ. ಏಡಿ ಕೇಳಿಸಿಕೊಂಡಿತು ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಮೆಲ್ಲಗೆ ಬಂದು ಅವನ ಪುಟ್ಟ ಅಂಗಾಲಿನ ಗುಳಿಗೆ ಮೈ ಒತ್ತಿ, ಮೊದಲು ಒಂದು ಕೊಂಬು, ಆಮೇಲೆ ಇನ್ನೊಂದು, ಮಡಚಿತು. ವೆಂಕುವಿಗೆ ಕಚಗುಳಿಯಾಯಿತು. ಮೊಳೆಯುತ್ತಿದ್ದ ಎರಡು ಹಲ್ಲು ತೋರಿಸಿ ಗಲಗಲ ನಕ್ಕ.

"ಕೂಸು!" ಲಕುಮಕ್ಕ ಕೂಗಿದಳು. "ದುಗ್ಗತ್ತೆ ಮನೆಗೆ ಕೂಸು ಯಜಮಾನ!"

ಧಕ್ಕೆಗೆ ಧಕ್ಕೆಯೇ ನಮ್ಮ ಸುತ್ತ ಸೇರಿತು. ಬೊಮ್ಮಯ್ಯ ಬಂದು ತನ್ನ ನಾಯಿಯ ಆಡಳಿತವನ್ನು ಮತ್ತೊಮ್ಮೆ ಹೊಗಳಿದ. ಅಜ್ಜಿ ಎದ್ದು ಏಡಿಗೆ ಕೈಮುಗಿದು, ಅದನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೌಟನ್ನು ತೆಗೆದಳು. ಅದರ ಹಿಡಿ ಅವಳ ಕೈಬೆವರಿಗೆ ಕಪ್ಪಾಗಿತ್ತು. ಬಗ್ಗಿ ವೆಂಕುವಿನ ಮುಷ್ಟಿಯಲ್ಲಿಟ್ಟು, "ತಕೊಳ್ಳಿ ಯಜಮಾನ್ರೆ" ಎಂದಳು. ಯಜಮಾನರು ಸೌಟನ್ನು ಕಚ್ಚಿ ನೋಡಿ, ಅದರಿಂದಲೇ ಅಜ್ಜಿಯ ಮೂಗಿಗೆ ಒಂದು ಕೊಟ್ಟರು.

"ಸೇಡು ತೀರ್ಸಿದ ಮಗ!" ಚಿಕ್ಕಪ್ಪ ಹಿಮ್ಮಡಿ ಹಿಡಿದುಕೊಂಡೇ ಕುಣಿದ.

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಅಳು ಒತ್ತಿಬರುತ್ತಿತ್ತು. ಮಾತು ಬಾರದ ಯಜಮಾನರ ಮನಸ್ಸನ್ನು ಮನೆಯ ಹಿರಿಯರು ಓದಬೇಕು. ನಮ್ಮ ಮನೆಗೆ ಹಿರಿಯಳು ಯಾರು? ಸೌಟು ಹೋದರೂ ನಾಲಗೆ ಅಜ್ಜಿಯದೇ. ವೆಂಕುವನ್ನು ಅಲ್ಲಿ ಕೂರಿಸಿದ್ದು ನಾನೇ. ಅಮ್ಮ ನನ್ನ ತಲೆ ಸವರಿದಳು. ಅವಳ ಕಣ್ಣು ಅಳಿವೆಯ ಆಚೆಗಿತ್ತು. ಅಲ್ಲಿ ಕಂಬ ಕಾಣುತ್ತಿತ್ತು, ಬಟ್ಟೆ ಇರಲಿಲ್ಲ.

"ಉಬ್ಬರ ಇಳೀತಾ ಬಂತು ದುಗ್ಗಮ್ಮ, ಮೊದಲ್ನೇ ಮಾತು ಆಗ್ಲಿ" ಎಂದ ಬೊಮ್ಮಯ್ಯ.

ಅಷ್ಟರಲ್ಲಿ ವೆಂಕುವಿಗೆ ಬಿಸಿಲು ತಾಗಿ ಅಳು ಹತ್ತಿತ್ತು. ಮುಖ ಕೆಂಪಾಗಿ, ಮುಷ್ಟಿ ಬಿಗಿದು, ಬಂದರಿಗೇ ಕೇಳುವಂತೆ ಅಳುತ್ತಿದ್ದ.

"ಹಸಿವು ಅಂತಿದ್ದಾನೆ," ಎಂದ ಅಪ್ಪ.

"ನಿದ್ದೆ! ಎಲ್ರೂ ಮಧ್ಯಾಹ್ನ ಮಲಗ್ಬೇಕು ಅಂತಿದ್ದಾನೆ," ಎಂದ ಚಿಕ್ಕಪ್ಪ.

"ಓದೂದು ನಾನು. ನೀವು ಬಾಯಿ ಮುಚ್ಚಿ" ಎಂದು ಅಜ್ಜಿ ವೆಂಕುವನ್ನು ಎತ್ತಿಕೊಂಡಳು. ಅವನನ್ನು ಊರಿನ ಕಡೆಗೆ ತಿರುಗಿಸಿ ಹಿಡಿದಳು. ಅಳು ನಿಲ್ಲಲಿಲ್ಲ. ತೆರೆದ ಕಡಲಿನ ಕಡೆಗೆ ತಿರುಗಿಸಿದಳು. ಇನ್ನೂ ಜೋರಾಯಿತು. ಗುಡ್ಡದ ಕಡೆಗೆ ತಿರುಗಿಸಿದಳು. ಉಸಿರು ಕಟ್ಟುವಂತೆ ಅತ್ತ. ಅಲ್ಲಿಗೆ ನಿಲ್ಲಿಸಬಹುದಿತ್ತು. ಯಜಮಾನರಿಗೆ ಯಾವ ಕಡೆಯೂ ಬೇಡ, ಮನೆಯಲ್ಲೇ ಇರೋಣ ಎನ್ನುತ್ತಿದ್ದಾರೆ ಎಂದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಆದರೆ ಅಜ್ಜಿಯ ಸೊಂಟದ ಹತ್ತಿರವೇ ನಿಂತಿದ್ದ ನನಗೆ ಮಾತ್ರ ಕಂಡಿತು: ಅವಳು ನಾಲಗೆಯಿಂದ ತುಟಿ ಒದ್ದೆ ಮಾಡಿಕೊಂಡು, ಮುಖವನ್ನು ತುಸು ಎತ್ತಿ, ಗಾಳಿ ಎಲ್ಲಿಂದ ಬರುತ್ತಿದೆಯೆಂದು ನೋಡಿದಳು. ಮೀನು ಒಣಹಾಕುವ ಮುಂಚೆ ಪ್ರತಿದಿನ ಹಿತ್ತಿಲಲ್ಲಿ ಹಾಗೆಯೇ ನೋಡುತ್ತಿದ್ದಳು.

ಆಮೇಲೆ ವೆಂಕುವನ್ನು ಆಚೆದಡದ ಕಡೆಗೆ ತಿರುಗಿಸಿದಳು.

ಅಳಿವೆಯ ಮೇಲಿಂದ ತಂಪುಗಾಳಿ ಬಂದು ಅವನ ಬೆವೆತ ಕೂದಲನ್ನು ಎತ್ತಿತು. ಅಳು ನಿಂತಿತು. ಒಂದು ಬಿಕ್ಕಳಿಕೆ ಬಂತು. ಇನ್ನೊಂದು ಬಂತು. ಕಣ್ಣರಳಿಸಿ ಆ ನೀರನ್ನೂ ಆ ದಡವನ್ನೂ ನೋಡಿ, ವೆಂಕು ಸೌಟನ್ನು ಮುಂದಕ್ಕೆ ಚಾಚಿದ.

ಲಕುಮಕ್ಕ ತಡೆಯಲಾರದೆ, "ಗಾಳಿ ತಾಗ್ತು ದುಗ್ಗತ್ತೆ, ಅದಕ್ಕೇ ಸುಮ್ನಾದ" ಎಂದಳು.

"ಗಾಳಿ ಬೀಸಿದ್ದು ಯಾರು, ನೀನಾ?" ಅಜ್ಜಿ ಸಿಡುಕಿದಳು. "ಸುಮ್ನಿರು. ಯಜಮಾನ್ರ ಮಾತು ಆಯ್ತು." ಅಮ್ಮನ ಕಡೆ ತಿರುಗಲಿಲ್ಲ, ನೀರನ್ನೇ ನೋಡುತ್ತ ಹೇಳಿದಳು: "ಅಳಿವೆ ದಾಟ್ಬೇಕಂತೆ. ಇವತ್ತೇ ಅಂತೆ. ಜಟ್ಟಪ್ಪ, ದೋಣಿ ತೆಗಿ. ಹಾಂಗೆ ನಿಂತದ್ದೆಂತ ಮಾದೇವಿ? ಕೂಸಿಗೆ ಬೇರೆ ಅಂಗಿ ಹಾಕು. ಅಜ್ಜಿಮನೆಗೆ ಹೋಗುವವ ಹೀಂಗೆ ಹೋಗೂದಾ?"

ಅಮ್ಮ ಅಳುತ್ತಲೂ ನಗುತ್ತಲೂ ಅಜ್ಜಿಯ ಕಾಲಿಗೆ ಬಗ್ಗಿದಳು. "ನಂಗಲ್ಲ, ಯಜಮಾನ್ರಿಗೆ" ಎಂದು ಅಜ್ಜಿ ಕಾಲು ಹಿಂದೆಳೆದುಕೊಂಡಳು. ಅಮ್ಮ ಎದ್ದು, ತನ್ನ ಹಾಲು ಕುಡಿಯುವ ಯಜಮಾನನ ಪಾದವನ್ನು ಕಣ್ಣಿಗೊತ್ತಿಕೊಂಡಳು.

ಬರಿಗೈಯಲ್ಲಿ ಬೀಗರ ಮನೆಗೆ ಹೋಗುವುದುಂಟೆ? ಅಪ್ಪ ದೋಣಿ ತರುವುದರೊಳಗೆ ನಾವು ಮತ್ತೆ ದಾರ ಇಳಿಸಿದೆವು. ಆ ದಿನ ನೀರಿನಡಿಯ ಏಡಿಗಳಿಗೆಲ್ಲ ನಮ್ಮ ಮೇಲೆ ಅದೆಂಥ ಪ್ರೀತಿಯೋ, ದಾರ ಇಳಿಸಿದರೆ ಸಾಕು, ಬಿಗಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಸಿಕ್ಕಿದ್ದು ನನ್ನ ಕೈಗೆ. ನಾನು ಕಿರುಚಿದ ಕಿರುಚಿಗೆ ಧಕ್ಕೆಯ ಕಾಗೆಗಳೆಲ್ಲ ಎದ್ದವು. ಅಜ್ಜಿ ಅದನ್ನು ತಿರುಗಿಸಿ, ಮಗುಚಿ, ಒಂದೊಂದು ಕೊಂಬನ್ನೂ ಬುಡದವರೆಗೆ ಬೆರಳಿನಿಂದ ತಡವಿ ನೋಡಿದಳು. "ಇದನ್ನೇ ಅವರ ಕೈಗೆ ಕೊಡೂದು," ಎಂದಳು. "ಏಡಿ ಕೊಡೂದು ಹೇಂಗೆ ಅಂತ ಆ ಹೆಂಗಸಿಗೂ ಗೊತ್ತಾಗ್ಲಿ." ಸಿಕ್ಕ ಉಳಿದವನ್ನೆಲ್ಲ ಮತ್ತೆ ನೀರಿಗೆ ಬಿಟ್ಟಳು. ದೊಡ್ಡದರ ಕೊಂಬು ಕಟ್ಟಿದರೆ ಉಡುಗೊರೆಗೆ ಬೆಲೆಯಿಲ್ಲವೆಂದು ಕಟ್ಟಲೂ ಬಿಡಲಿಲ್ಲ, ಒದ್ದೆ ಗೋಣಿ ಹೊದಿಸಿ ಬುಟ್ಟಿಯಲ್ಲಿಟ್ಟು, ದೋಣಿಯಲ್ಲಿ ತನ್ನ ಮೊಣಕಾಲುಗಳ ನಡುವೆ ಇರಿಸಿಕೊಂಡಳು.

ಅಳಿವೆಯ ನಡುವೆ ಹೊಳೆಯ ನೀರೂ ಕಡಲಿನ ನೀರೂ ಕೈಕೈ ಮಿಲಾಯಿಸುವ ಜಾಗವೊಂದಿದೆ. ಅಲ್ಲಿ ದೋಣಿ ಎತ್ತಿ ಕುಕ್ಕಿತು. ಬುಟ್ಟಿ ವಾಲಿತು. ಗೋಣಿಯ ಅಡಿಯಿಂದ ಏಡಿ ಹೊರಬಿದ್ದು ದೋಣಿಯ ಅಂಚು ಹತ್ತಿತು.

"ಹಿಡಿ! ಹಿಡಿ!" ಅಜ್ಜಿ ಕೂಗಿದಳು.

ಚಿಕ್ಕಪ್ಪ ಹಾರಿ ಏಡಿಯ ಬೆನ್ನು ಹಿಡಿದ. ಏಡಿ ಒಂದು ಕೊಂಬಿನಿಂದ ದೋಣಿಯ ಹೊರಗೆ ಜೋತಾಡುತ್ತಿದ್ದ ಹಗ್ಗವನ್ನು ಕಚ್ಚಿ ಹಿಡಿದಿತ್ತು. ಚಿಕ್ಕಪ್ಪ ಎಳೆದ. ಟಕ್ ಎಂದಿತು. ಏಡಿ ಚಿಕ್ಕಪ್ಪನ ಕೈಯಲ್ಲಿ ಉಳಿಯಿತು. ಕೊಂಬು ಹಗ್ಗವನ್ನು ಹಿಡಿದೇ ಒಂದು ಗಳಿಗೆ ತೂಗಾಡಿ, ಆಮೇಲೆ ಹಸಿರು ನೀರಿನಲ್ಲಿ ನಿಧಾನಕ್ಕೆ ಇಳಿದುಹೋಯಿತು. ಅದು ಮಸುಕಾಗುವವರೆಗೂ ನಾವೆಲ್ಲ ಬಗ್ಗಿ ನೋಡುತ್ತಿದ್ದೆವು.

"ನಾನಲ್ಲ!" ಚಿಕ್ಕಪ್ಪ ಗಾಬರಿಯಿಂದ ತೊದಲಿದ. "ದೇವರಾಣೆ ನಾನಲ್ಲ ಅಮ್ಮ, ಅದೇ ಬಿಟ್ಟಿತು!"

ಅಪ್ಪ ಹುಟ್ಟು ಹಾಕುವುದನ್ನು ಮರೆತ. ಅಮ್ಮ ವೆಂಕುವನ್ನು ಎದೆಗೊತ್ತಿಕೊಂಡಳು. ಇನ್ನೇನು, ಅಜ್ಜಿ ದೋಣಿ ತಿರುಗಿಸು ಎನ್ನುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ.

"ಅದೇ ಬಿಟ್ಟಿತು," ಎಂದಳು ಅಜ್ಜಿ. ದನಿ ಅವಳದಲ್ಲದಂತಿತ್ತು. ಚಿಕ್ಕಪ್ಪನ ಕೈಯಿಂದ ಏಡಿಯನ್ನು ಇಸಿದುಕೊಂಡು, ಕೊಂಬು ಕಳಚಿದ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು, ಗಾಯಕ್ಕೆ ಒತ್ತಿದಂತೆ. "ಹೌದನಾ, ಅದೇ ಬಿಟ್ಟಿತು. ನಾನೂ ಕಂಡೆ."

"ಇನ್ನೊಂದು ಹಿಡಿಯುವನಾ ಅತ್ತೆ?" ಅಮ್ಮ ಕೇಳಿದಳು. "ಆಚೆದಡದ ಬಂಡೆಯಲ್ಲೂ ಇರ್ತಾವೆ."

ಅಜ್ಜಿ ಏಡಿಯನ್ನು ಬುಟ್ಟಿಗಿಟ್ಟು ಗೋಣಿ ಹೊದಿಸಿದಳು. "ಬೇಡ," ಎಂದಳು. "ಇದನ್ನೇ ಕೊಡ್ತೇನೆ. ಹುಟ್ಟು ಹಾಕು ಜಟ್ಟಪ್ಪ."

ದಡದಲ್ಲಿ ಅಮ್ಮಮ್ಮ ಕಂಬಕ್ಕೆ ಕೈಯಾನಿಸಿ ನಿಂತಿದ್ದಳು. ಸುದ್ದಿ ಗಾಳಿಗಿಂತ ಬೇಗ ದಾಟಿತ್ತು. ತೆಳ್ಳಗಿನ ಪುಟ್ಟ ಹೆಂಗಸು, ಕಣ್ಣಿನಲ್ಲಿ ಹಾಲು ಚೆಲ್ಲಿದಂತೆ ಬಿಳುಪು. ಅಮ್ಮ ವೆಂಕುವನ್ನು ಎತ್ತಿಕೊಂಡೇ ನೀರಿಗಿಳಿದು ಓಡಿದಳು. ಅವರಿಬ್ಬರೂ ತಬ್ಬಿಕೊಂಡದ್ದನ್ನು ನಾನು ಹೇಳಲಾರೆ. ನೋಡಬಾರದೆಂದು ನನಗೇ ತಿಳಿದು ತಿರುಗಿ ನಿಂತಿದ್ದೆ. ಆಮೇಲೆ ಅಮ್ಮಮ್ಮ ವೆಂಕುವಿನ ಮುಖವನ್ನು ಕಣ್ಣಿನ ಹತ್ತಿರಕ್ಕೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರಕ್ಕೆ ತಂದುಕೊಂಡಳು. "ಕಂಡ್ತು," ಎಂದಳು. "ಕಂಡ್ತು ಮಗಾ, ಕಣ್ಣು ನಿಂದೇ. ನಿಂದೇ ಮಾದೇವಿ." ಸೌಟು ಅವಳ ಕೆನ್ನೆಗೂ ಒಂದು ಬಿತ್ತು. ಆಮೇಲೆ ಕೈ ಗಾಳಿಯಲ್ಲಿ ಆ ಕಡೆ ಈ ಕಡೆ ತಡವಿತು: "ನನ್ನ ತೊಟ್ಟಿಲ ಕೂಸೆಲ್ಲಿ?" ನಾನು ಹೋಗಿ ಆ ಕೈಯ ಕೆಳಗೆ ನಿಂತೆ.

ಅಜ್ಜಿ ದೋಣಿಯ ಪಕ್ಕದಲ್ಲೇ ಮೊಣಕಾಲುದ್ದ ನೀರಲ್ಲಿ ನಿಂತಿದ್ದಳು. ಯಾರೂ ಕರೆಯಲಿಲ್ಲ, ಹೇಗೆ ಕರೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ತಾನೇ ಸೀರೆ ಹಿಂಡಿಕೊಂಡು ಬಂದು ಬುಟ್ಟಿಯನ್ನು ಅಮ್ಮಮ್ಮನ ಕೈಗಿಟ್ಟಳು.

ಅಮ್ಮಮ್ಮ ಗೋಣಿ ಸರಿಸಿದಳು. ಅವಳಿಗೆ ಕಣ್ಣಿನ ಕೆಲಸವನ್ನು ಆಗಲೇ ಬೆರಳುಗಳು ಮಾಡುತ್ತಿದ್ದವು. ಏಡಿಯ ಬೆನ್ನು ತಡವಿದಳು. ಒಂದು ಕೊಂಬು ಸಿಕ್ಕಿತು. ಬೆರಳು ಇನ್ನೊಂದು ಕಡೆಗೆ ಸರಿದು, ಅಲ್ಲಿ ಏನೂ ಸಿಗದೆ, ನಿಂತುಬಿಟ್ಟಿತು.

ನಮ್ಮೂರಿನ ದೊಡ್ಡ ನಾಲಗೆಯ ದುಗ್ಗಮ್ಮ, ಮೊದಲ ಮಾತುಗಳ ದುಗ್ಗಮ್ಮ, ತೊಟ್ಟಿಲ ಕೂಸಿನಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ಅದೇ ಬಿಟ್ಟಿತು ಬೀಗಿತಿ. ದಾರೀಲಿ. ತಾನೇ ಬಿಟ್ಟಿತು."

ಅಲೆಯೊಂದು ಬಂದು ಎಲ್ಲರ ಪಾದ ಒದ್ದೆ ಮಾಡಿ ಹೋಯಿತು. ಅಮ್ಮಮ್ಮ ತಲೆ ಎತ್ತಿ ದನಿ ಬಂದ ಕಡೆಗೆ ಮುಖ ಮಾಡಿದಳು.

"ಹೌದು," ಎಂದಳು. "ಒಂದೊಂದ್ಸಲ ಬಿಡ್ತದೆ."

ಆಮೇಲೆ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಖಾಲಿಯಿದ್ದ ಕೈಯನ್ನು ಮುಂದೆ ಚಾಚಿದಳು. ಕಣ್ಣು ಕಾಣದವಳಿಗೆ ದಾರಿ ತೋರಿಸಲೆಂದು ಅಜ್ಜಿ ಆ ಕೈ ಹಿಡಿದಳು. ಮನೆಯ ಜಗಲಿಯವರೆಗೆ ಬಂದು, "ಕೂತ್ಕೊಳ್ಳಿ ಬೀಗಿತಿ" ಎಂದು ಅವಳನ್ನು ಕೈಹಿಡಿದು ಕೂರಿಸಿದವಳು ಮಾತ್ರ ಅಮ್ಮಮ್ಮ.

ಅವತ್ತಿನ ಊಟದಲ್ಲಿ ಆ ಒಂದು ಕೊಂಬನ್ನು ಅಮ್ಮಮ್ಮ ಅಜ್ಜಿಯ ಎಲೆಗೆ ಬಡಿಸಿದಳು. ಅಜ್ಜಿ ಅದನ್ನು ಅಮ್ಮಮ್ಮನ ಎಲೆಗೆ ಹಾಕಿದಳು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ, ಸಾರು ಆರಿಹೋಗುವವರೆಗೆ ಕೊಂಬು ಓಡಾಡಿತು. ಕೊನೆಗೆ ಯಜಮಾನರು ಸೌಟಿನಿಂದ ನೆಲಕ್ಕೆ ಒಂದು ಬಡಿದರು. ಅಜ್ಜಿ ಓದಿ ಹೇಳಿದಳು, ಅದು ತಮಗೇ ಬೇಕೆಂದು ಹೇಳುತ್ತಿದ್ದಾರೆ ಅಂತ. ಸಾರಿನಿಂದ ತೆಗೆದು ತೊಳೆದು ಕೊಟ್ಟರು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಕೊಂಬು ಹಿಡಿದು, ಮೊಳೆಯುತ್ತಿದ್ದ ಹಲ್ಲಿಗೆ ಚಿಪ್ಪನ್ನು ತಿಕ್ಕಿಕೊಳ್ಳುತ್ತ, ಅವನು ಇಬ್ಬರು ಅಜ್ಜಿಯರ ನಡುವೆ ಕುಳಿತಿದ್ದ. ಆ ಸಂಜೆ ಆಚೆದಡದ ಕಂಬಕ್ಕೆ ಬಿಳಿ, ಕೆಂಪು, ಹಳದಿ, ಮೂರೂ ಬಟ್ಟೆಗಳನ್ನು ನಾನೇ ಏರಿಸಿದೆ. ಈಚೆದಡದಲ್ಲಿ ನಮ್ಮವರು ಯಾರೂ ಉಳಿದಿರಲಿಲ್ಲ. ಆದರೂ ಕಡಲಮ್ಮ ನೋಡಲಿ ಎಂದು ಏರಿಸಿದೆ.